ನಕ್ಷೆಯ ಬಿಳಿ ಜಾಗ

ನನ್ನ ಕೆಲಸ ಹೇಳಿಕೊಳ್ಳಲು ಸುಲಭ: ತಿಮಿಂಗಿಲ ಕಂಡಲ್ಲಿ ನಕ್ಷೆಯ ಮೇಲೆ ಚುಕ್ಕೆ ಇಡುವುದು. ಈ ಜಾತಿಯವು ನಮ್ಮ ಕಡಲಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಮೀನುದೋಣಿಯವರೋ ಪ್ರವಾಸಿ ದೋಣಿಯವರೋ ಕಂಡರೆ ಫೋನ್ ಮಾಡುತ್ತಾರೆ. ಹಾಗಾಗಿ ದೋಣಿ ಓಡಾಡುವ ಕಡೆಯೆಲ್ಲ ಚುಕ್ಕೆಗಳು. ಯಾರೂ ಹೋಗದ ದಕ್ಷಿಣದ ಕಡಲು ಬರೀ ಬಿಳಿ.

ತಿಮಿಂಗಿಲಗಳನ್ನು ಉಳಿಸಲು ಸರಕು ಹಡಗುಗಳ ದಾರಿ ಬದಲಿಸುವ ಮಾತು ಬಂತು. ನಮ್ಮ ಸಾಹೇಬರು ಆ ಬಿಳಿ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಒಂದೂ ಇಲ್ವಲ್ಲ, ಇಲ್ಲೇ ಹೋಗ್ಲಿ ಬಿಡಿ."

"ಇಲ್ಲ ಅಂತಲ್ಲ ಸಾರ್, ಯಾರೂ ಹೋಗಿ ನೋಡಿಲ್ಲ ಅಷ್ಟೇ. ನೀರೊಳಗಿಟ್ಟಿರೋ ಮೈಕಲ್ಲಿ ದಿನಾ ಕೇಳಿಸ್ತಿದೆ. ತಾಯಿ ಕರೆಯುತ್ತೆ, ಮರಿ ಓಗೊಡುತ್ತೆ."

"ಕೇಳಿಸಿದ್ದು ಲೆಕ್ಕಕ್ಕಿಲ್ಲಮ್ಮ. ಕಣ್ಣಾರೆ ಕಂಡಿರ್ಬೇಕು."

ಕಣ್ಣಾರೆ ನೋಡಿಯೇ ಬರೋಣವೆಂದು ದೋಣಿ ಕೇಳಿದೆ. ಚುಕ್ಕೆಯೇ ಇಲ್ಲದ ಕಡೆಗೆ ದೋಣಿ ಕೊಡಲು ಬರುವುದಿಲ್ಲವಂತೆ! ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ದಾರಿ ಬದಲಾಯಿತು. ಆ ದಾರಿಯಲ್ಲಿ ಹಡಗು ನಡೆಸುವವರಲ್ಲಿ ನನ್ನ ಗಂಡನೂ ಒಬ್ಬರು.

"ಕಂಡ್ರೆ ತಕ್ಷಣ ನಿಲ್ಲಿಸೋಕಾಗಲ್ವೇನ್ರೀ?" ಎಂದು ಗೋಗರೆದೆ.

"ಬ್ರೇಕ್ ಹಾಕಿದ್ ಕೂಡ್ಲೆ ನಿಲ್ಲೋಕೆ ಅದೇನು ಸ್ಕೂಟರಾ?"

ನನ್ನನ್ನು ನಗಿಸಲೆಂದೇ ಹೇಳಿದ್ದು. ನಗು ಬರಲಿಲ್ಲ.

ಒಂದು ಬೆಳಿಗ್ಗೆ ಆ ದಾರಿಯಲ್ಲಿ ಬಂದ ಇನ್ನೊಂದು ಹಡಗಿನವರು ಫೋನ್ ಮಾಡಿದರು. ಬಿಳಿ ಜಾಗದಲ್ಲಿ ತಾಯಿ ತಿಮಿಂಗಿಲದ ಹೆಣ ತೇಲುತ್ತಿತ್ತು. ಬೆನ್ನು ಸೀಳಿಹೋಗಿತ್ತು. ಹಿಂದಿನ ದಿನ ಆ ದಾರಿಯಲ್ಲಿ ಹೋದದ್ದು ಇವರ ಹಡಗೊಂದೇ. ಬಡಿದದ್ದು ಇವರ ಅರಿವಿಗೇ ಬಂದಿರಲಿಲ್ಲ.

ಆಫೀಸಿನಲ್ಲಿ ಸಾಹೇಬರ ಮುಖ ಅರಳಿತ್ತು.

"ಸತ್ತಿದ್ರೂ ಕಂಡಿದ್ದು ಕಂಡಂಗೇ. ಚುಕ್ಕೆ ಇಡಿ. ಇನ್ನು ಧೈರ್ಯವಾಗಿ ದಾರಿ ಬದಲಿಸಿ ಅಂತ ಕೇಳ್ಬಹುದು. ಮುಂದಿನ ವರ್ಷದ ಸಭೇಲಿ ಚರ್ಚೆಗೆ ತಗೋತಾರೆ."

ಚುಕ್ಕೆ ಇಟ್ಟೆ. ಇಡದೆ ಇನ್ನೇನು ಮಾಡಲಿ?

ಮನೆಗೆ ಬಂದರೆ ಇವರು ಊಟ ಮುಟ್ಟದೆ ಕೂತಿದ್ದರು. ಸುದ್ದಿ ಆಗಲೇ ತಲುಪಿತ್ತು. ಮಾರನೆಯ ದಿನ ಮತ್ತೆ ಅದೇ ದಾರಿ, ಅದೇ ಹಡಗು.

"ರಜಾ ಹಾಕಿಬಿಡಿ" ಎಂದೆ.

"ನಾನಲ್ದಿದ್ರೆ ಇನ್ನೊಬ್ಬ ಹೋಗ್ತಾನೆ. ಅವನಿಗೆ ಮರಿ ಇರೋದೂ ಗೊತ್ತಿರಲ್ಲ." ನನ್ನ ಕೈ ಹಿಡಿದುಕೊಂಡರು. "ಅದು ಯಾವ ಕಡೆ ಇದೆ ಅಷ್ಟು ಹೇಳೇ. ಆ ಕಡೆ ಬಿಟ್ಟು ಹೋಗ್ತೀನಿ."

ಇಡೀ ದಿನ ಮೈಕಿಗೆ ಕಿವಿ ಕೊಟ್ಟು ಕೂತು ಬಂದವಳು ನಾನು. ಕರೆಯುವ ತಾಯಿಯೇ ಇಲ್ಲದ ಮೇಲೆ ಮರಿ ಯಾರಿಗೆ ಓಗೊಡಬೇಕು?

"ಗೊತ್ತಿಲ್ಲ ಕಣ್ರೀ" ಎಂದೆ.