ಗುಡ್ಡದ ಜೇಡಕ್ಕೆ ಎರಡು ಚೀಟಿ

ರಾಚಯ್ಯ ಮಾಸ್ತರರು ಎರಡನೆಯ ಬಾಟಲಿಗೂ ಬೇರೆಯದೇ ಚೀಟಿ ಅಂಟಿಸಿದ್ದನ್ನು ಕಂಡು ರೇಣವ್ವನಿಗೆ ಮೈಯೆಲ್ಲ ಉರಿದುಹೋಯಿತು.

೧೯೭೮ರ ಜೂನಿನ ಮಿರಗದ ಮಳೆ ಆಗಷ್ಟೇ ಬಿದ್ದಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಾಸ್ತರರು ಬಾದಾಮಿಯ ಗುಡ್ಡಕ್ಕೆ ಬಂದು ಮೂರು ದಿನವಾಗಿತ್ತು. ಟರಾಂಟುಲಾ ಎಂದು ಅವರು ಕರೆಯುವ ದೊಡ್ಡ ಕೂದಲ ಜೇಡಗಳಲ್ಲಿ ಇಲ್ಲಿ ಎಷ್ಟು ಜಾತಿ ಇವೆ ಎಂದು ಬರೆಯುವುದು ಅವರ ಕೆಲಸ. ಬಿಲ ತೋರಿಸಲೆಂದು ಕುರಿಗಾರ ಹುಲ್ಲಪ್ಪ ಮಗಳು ರೇಣವ್ವನನ್ನು ಜೊತೆಗೆ ಕಳಿಸಿ, ತಾನು ಅಲ್ಲೇ ಕುರಿ ಬಿಟ್ಟುಕೊಂಡಿದ್ದ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವಳು ಎಂಟು ವರ್ಷದಿಂದ ಆ ಬಿಲಗಳನ್ನು ನೋಡುತ್ತ ಬಂದವಳು. ಬಾಯಿಗೆ ನೂಲು ನೇಯ್ದುಕೊಂಡದ್ದು ಯಾವುದು, ಕಲ್ಲಸಂದಿಯದು ಯಾವುದು, ಮರದ ಪೊಟರೆಯದು ಯಾವುದು, ಎಲ್ಲ ಗೊತ್ತು. ಮಾತು ಮಾತ್ರ ಹೊರಡುವುದಿಲ್ಲ.

"ಇಂಗ್ಲಿಷ್ ಚೀಟಿ, ಓದಿ ಹೇಳ್ರಿ ಸರ," ಎಂದಳು, ನೆಲ ನೋಡುತ್ತ.

"ಈ ಸ್ಪಿರಿಟ್‌ನಾಗ ಇರೋದು ದಪ್ಪಂದು, ಕಂದು ಬಣ್ಣದ್ದು. ಈಗ ಹಿಡದದ್ದು ಸಣ್ಣ ಮೈ, ಉದ್ದ ಕಾಲು, ಕರೇದು. ಬ್ಯಾರೆ ಜಾತಿ. ಯಾರೂ ಕಂಡಿಲ್ಲದ್ದು, ತಂಗಿ!"

"ಎರಡೂ ಒಂದರಿ. ದಪ್ಪಂದು ಹೆಣ್ಣು, ಇದು ಗಂಡು."

"ಎಷ್ಟನೇತ್ತ ಕಲ್ತಿಯವಾ?"

ಹುಲ್ಲಪ್ಪ ನಕ್ಕ. "ನಾಕನೇತ್ತರಿ! ಮನ್ಯಾಗ ತುಟಿ ಬಿಚ್ಚಂಗಿಲ್ಲ, ಇಲ್ಲಿ ನಿಮಗ ಪಾಠ ಹೇಳಾಕ ಹತ್ಯಾಳ."

ರೇಣವ್ವ ತಲೆ ಎತ್ತಿದಳು. "ಅಪ್ಪಾ, ನಮ್ಮ ಟಗರಿಗೆ ಕೋಡೈತಿ, ಕುರಿಗಿಲ್ಲ. ಸಂತ್ಯಾಗ ಎರಡು ಜಾತಿ ಅಂತ ಮಾರ್ತಿಯೇನು?"

ಅಪ್ಪನ ನಗು ನಿಂತಿತು.

ಅವಳು ಜೀವಂತ ಜೇಡವಿದ್ದ ಬಾಟಲಿಯನ್ನು ಎತ್ತಿಕೊಂಡು ಹೋಗಿ, ತಾನು ಯಾರಿಗೂ ತೋರಿಸದಿದ್ದ ಒಂದು ಬಿಲದ ಬಾಯಲ್ಲಿ ಮೆಲ್ಲಗೆ ಬಗ್ಗಿಸಿದಳು. ಕರಿಯದು ಹೊರಬಿದ್ದು ಸುಮ್ಮನೆ ನಿಂತಿತು. ಆಮೇಲೆ ಮುಂಗಾಲುಗಳಿಂದ ನೆಲ ಬಡಿಯತೊಡಗಿತು, ಬಾಗಿಲು ತಟ್ಟಿದ ಹಾಗೆ. ಸ್ವಲ್ಪ ಹೊತ್ತಿಗೆ ಒಳಗಿಂದ ಎರಡು ದಪ್ಪ ಕಂದು ಕಾಲುಗಳು ಚಾಚಿದವು. ಗಂಡು ಅವನ್ನು ತಡವಿ, ಹೆಣ್ಣನ್ನು ಎದುರಿಗೆ ಎತ್ತಿ ಹಿಡಿಯಿತು.

ಕೂಟ ಮುಗಿದು ಗಂಡು ಹುಲ್ಲಿನೊಳಗೆ ಓಡಿಹೋಗಿ, ಹೆಣ್ಣು ಒಳಗಿಳಿಯುವವರೆಗೆ ಮಾಸ್ತರರು ಬಗ್ಗಿ ನೋಡುತ್ತಲೇ ಇದ್ದರು. "ಖರೆ ಐತಿ," ಎಂದರು. ಎಂದವರೇ ಗುದ್ದಲಿ ತೆಗೆದುಕೊಂಡರು. "ಇನ್ನ ಈ ಹೆಣ್ಣನ್ನ ಅಗದು ತಗೀಬೇಕು. ಪುರಾವೆ ಇಲ್ಲಂದ್ರ ಕುರುಬರ ಹುಡುಗಿ ಮಾತು ಯಾರು ನಂಬ್ತಾರ?"

ರೇಣವ್ವ ಬಿಲದ ಬಾಯಿಗೇ ಹೋಗಿ ಕುಳಿತುಬಿಟ್ಟಳು.

"ನಿಮ್ಮ ಕಣ್ಣಲೇ ನೋಡಿದ್ರಲ್ಲ? ಆ ಬಾಟಲ್ಯಾಗ ಒಂದು ಹೆಣ್ಣು ಸತ್ತೈತಿ. ಅದರ ಚೀಟಿನ ನೆಟ್ಟಗ ಬರ್ದಿಲ್ಲ, ಇನ್ನೊಂದನ್ನ ಕೊಲ್ಲಾಕ ಬರ್ತೀರಿ? ನಾ ಸಾಲಿ ಬಿಟ್ಟಾಗಿಂದ ಇದು ಇದ ತೂತಿನಾಗೈತಿ. ಅಗೀತಿದ್ರ ಮೊದಲ ನನ್ನ ಅಗೀರಿ!"

"ಏಳವಾ, ಕಚ್ಚೀತು!" ಹುಲ್ಲಪ್ಪ ಕೂಗಿದ.

"ಕಚ್ಚಲಿ. ಅದು ಸುಳ್ಳಂತೂ ಬರೆಯಂಗಿಲ್ಲ."

ಮಾಸ್ತರರು ಅಪ್ಪನನ್ನು ನೋಡಿದರು. ಅಪ್ಪ ಕುರಿಗಳ ಕಡೆ ನೋಡಿದ. ಕೊನೆಗೆ ಮಾಸ್ತರರು ಗುದ್ದಲಿ ಇಳಿಸಿ, ಖಾಲಿ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು.

"ಆ ಇನ್ನೊಂದರ ಮ್ಯಾಲೆ ಹೆಣ್ಣು ಅಂತ ಬರೀರಿ. ಕನ್ನಡದಾಗ ಬರೀರಿ, ನಾ ಓದ್ತೇನಿ."

ಅವರು ಬರೆದು ಮುಂದೆ ಹಿಡಿದರು. ರೇಣವ್ವ ಅಕ್ಷರ ಕೂಡಿಸಿ ಓದಿದಳು. ಆದರೂ ಮಾಸ್ತರರು ಗುದ್ದಲಿ ಹೆಗಲಿಗೇರಿಸಿ ಗುಡ್ಡ ಇಳಿದು ಬಸ್ಸು ಹತ್ತುವವರೆಗೆ ಅವಳು ಕುಳಿತ ಜಾಗ ಬಿಡಲಿಲ್ಲ.