ಹವಾಲ್ದಾರ್ ಯಮನಪ್ಪನ ಕ್ಯಾಸೆಟ್

ನಾನೊಂದು ಕ್ಯಾಸೆಟ್. ಎರಡು ಗಾಲಿ, ಅವಕ್ಕೆ ಸುತ್ತಿದ ಕಂದು ಪಟ್ಟಿ, ಇಷ್ಟೇ ನನ್ನ ಮೈ. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಕಣ್ಣು ಬಿಟ್ಟದ್ದು ಧಾರವಾಡದ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ. ಜೊತೆಯವರೆಲ್ಲ ಸಿನಿಮಾ ಹಾಡಿಗೋ ಭಜನೆಗೋ ಹೋಗಿ ಸುಖವಾಗಿ ಬಾಳಿದರು. ನನ್ನ ಪಾಲಿಗೆ ಯುದ್ಧ ಬಂತು.

ನನ್ನನ್ನು ಕೊಂಡವರು ವಿರೂಪಾಕ್ಷ ಹಂಚಿನಾಳ, ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಯುದ್ಧಕ್ಕೆ ಹೋಗಿ ಬಂದ ಸಿಪಾಯಿಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಪಡಸಾಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅವರ ಮಾತು ತುಂಬಿಕೊಳ್ಳುತ್ತಿದ್ದರು. ಟೇಪಿನಲ್ಲಿ ಇಲ್ಲದ ಮಾತನ್ನು ಪುಸ್ತಕದಲ್ಲಿ ಬರೆಯುವವರಲ್ಲ. ಮಾತಾಡುವವನಿಗೆ ಅಳು ಬಂದರೆ ಮಾತ್ರ ಟೇಪು ನಿಲ್ಲಿಸಿಬಿಡುತ್ತಿದ್ದರು. ಸಿಪಾಯಿ ಅತ್ತದ್ದು ನಾಲ್ಕು ಜನರ ಕಿವಿಗೆ ಬೀಳಬಾರದು, ಅದು ಅವನಿಗೆ ಕೊಡುವ ಮರ್ಯಾದೆ ಎಂದು ಅವರ ನಂಬಿಕೆ. ಒಳ್ಳೆಯ ಮನುಷ್ಯರೇ, ಏನು ಮಾಡುವುದು.

ನನ್ನೊಳಗೆ ಮಾತಾಡಿದವನು ಬೈಲಹೊಂಗಲದ ಕಡೆಯ ಹವಾಲ್ದಾರ್ ಯಮನಪ್ಪ. ಎಪ್ಪತ್ತೊಂದರ ಯುದ್ಧದ ಕಂದಕ, ಚಳಿ, ಗುಂಡು ಎಲ್ಲವನ್ನೂ ಸಂತೆಗೆ ಹೋಗಿ ಬಂದವನ ಹಾಗೆ ಹೇಳಿದ. ಒಂದು ಕಡೆ ಮಾತ್ರ ಅತ್ತ. ಹಂಚಿನಾಳ ಸರ್ ಟೇಪಿನ ಗುಂಡಿ ಒತ್ತಿ ನಿಲ್ಲಿಸಿದರು. ಆಮೇಲೆ ಅವನು ಹೇಳಿದ್ದನ್ನು ನಾನೂ ಕೇಳಿದೆ, ಆದರೆ ಪಟ್ಟಿಗೆ ಅಂಟದ್ದನ್ನು ಯಂತ್ರದಲ್ಲಿ ನುಡಿಯಲು ನನಗೆ ಬಾಯಿಲ್ಲ. ಸತ್ತುಬಿದ್ದ ಗೆಳೆಯ ಸಿದ್ರಾಮನ ತೆರೆದ ಕಣ್ಣು ಮುಚ್ಚಿದ್ದು ತಾನೇ ಎಂದಿದ್ದ. ಅದನ್ನು ಯಾರಿಗೂ ಹೇಳಲಿಲ್ಲ, ಅವನ ಮನೆಗೆ ಹೋಗಿ ಹೇಳುವ ಧೈರ್ಯವೂ ಬರಲಿಲ್ಲ ಎಂದಿದ್ದ.

ಸರ್ ತೀರಿಕೊಂಡರು. ಅವರ ಹೆಂಡತಿ ಕಾಗದಪತ್ರ, ನಕಾಶೆ, ಕ್ಯಾಸೆಟ್ಟುಗಳನ್ನೆಲ್ಲ ಟ್ರಂಕಿಗೆ ತುಂಬಿ ಒಂದು ಗ್ರಂಥಾಲಯಕ್ಕೆ ಕೊಟ್ಟರು. ಅಷ್ಟರಲ್ಲಿ ಯಮನಪ್ಪನೂ ಹೋಗಿದ್ದ. ತಣ್ಣನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದೆ. ಬೇಸರವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ.

ಅಪ್ಪನ ಜೊತೆಗಿದ್ದವನ ಮಾತು ಇಲ್ಲಿದೆ ಎಂದು ಕೇಳಿ ಮೊನ್ನೆ ಸಿದ್ರಾಮನ ಮಗಳು ನೀಲವ್ವ ಬಂದಳು. ಹೆಣ ಸಿಗದ್ದರಿಂದ ಸರ್ಕಾರದ ಲೆಕ್ಕದಲ್ಲಿ ಸಿದ್ರಾಮ ಕಾಣೆಯಾದವನು. ಸತ್ತನೆಂದು ಯಾರೂ ಹೇಳದ ಕಾರಣ ಮನೆಯಲ್ಲಿ ಯಾರೂ ಅಳಲಿಲ್ಲ, ಅತ್ತರೆ ಅಪಶಕುನ. ಅವಳ ತಾಯಿ ಇಂದಿಗೂ ಕುಂಕುಮ ಇಡುತ್ತಾಳಂತೆ.

"ನಮ್ಮಪ್ಪ ಅದಾನೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ್ರಿ," ಅಂದಳು.

ಕಪಾಟು ನೋಡಿಕೊಳ್ಳುವ ಶಕುಂತಲಾ, ನಮ್ಮ ಸರ್ ಅವರ ಹಳೆಯ ಶಿಷ್ಯೆ. ನನ್ನನ್ನು ಯಂತ್ರಕ್ಕೆ ಹಾಕಿದರು. ಯಮನಪ್ಪನ ದನಿ ಬಂತು.

"ಬೆಳಕ ಹರೀತು. ಗುಂಡಿನ ಸಪ್ಪಳ ನಿಂತಿತ್ರಿ. ಸಿದ್ರಾಮಾ ಅಂತ ಕರದ್ನಿ. ಓ ಅನ್ಲಿಲ್ಲ. ತೆವಳಕೊಂಡ ಹೋಗಿ ನೋಡತೀನಿ..."

ಟಕ್.

"ಚಾ ಆರತೈತಿ, ಕುಡೀರಿ ಸರ. ಮುಂದ ನಮ್ಮನ್ನ ಲಾರಿ ಹತ್ತಿಸಿದ್ರು."

ನೀಲವ್ವ ಮತ್ತೆ ಹಾಕಿಸಿದಳು. ಮತ್ತೆ ಅದೇ. ನನಗೆ ನಾಚಿಕೆಯಾಯಿತು. ನಾನು ಹುಟ್ಟಿದ್ದೇ ಹೇಳುವುದಕ್ಕೆ.

"ನಡುವ ಯಾಕ ನಿಂತೈತ್ರಿ?"

ಶಕುಂತಲಾ ತಡವರಿಸಿದರು. "ಅಕ್ಕಾರ, ಯಾರರೆ ಅತ್ರ ನಮ್ಮ ಸರ್ ಟೇಪ್ ಬಂದ್ ಮಾಡ್ತಿದ್ರು."

ಯಮನಪ್ಪ ಅಲ್ಲಿ ಯಾಕೆ ಅತ್ತನೆಂದು ನೀಲವ್ವನಿಗೆ ತಿಳಿಯಿತು. ಅಳಲಿಲ್ಲ, ಆ ಮನೆಯಲ್ಲಿ ಅದರ ರೂಢಿಯೇ ಇರಲಿಲ್ಲ. ಸೆರಗಿನ ಅಂಚನ್ನು ಮಡಚಿ ಬಿಡಿಸಿದಳು. ಆಮೇಲೆ ತಾಯಿಗೆ ಫೋನ್ ಮಾಡಿದಳು.

"ಅವ್ವಾ, ಏನೂ ಸಿಗಲಿಲ್ಲ."

ತಾಯಿಗೆ ಕಿವಿ ಮಂದ, ಜೋರಾಗಿ ಮಾತಾಡುತ್ತಾಳೆ. ಅವಳ ಮಾತು ನಮಗೆಲ್ಲ ಕೇಳಿಸಿತು.

"ಸಿಗಲಿಲ್ಲಾ? ಹಂಗಾರ ಬರೂಮುಂದ ಕುಂಕುಮ ತಗೊಂಡ ಬಾ. ಡಬ್ಬ್ಯಾಗ ಚೂರ ಉಳದೈತಿ."

ನೀಲವ್ವ ಹೂಂ ಅಂದಳು.