ಸುತ್ತಳತೆ ಮೂವತ್ತು

ನರ್ಸರಿ ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಇಪ್ಪತ್ತೆರಡು ವರ್ಷ ದಿನಗೂಲಿಯಾಗಿ ದುಡಿದ ಹೆಂಗಸು. ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವುದು, ಬೀಜ ಊರುವುದು, ನೀರು ಹಾಕುವುದು, ಕಳೆ ಕೀಳುವುದು, ಸಸಿ ಮೊಣಕಾಲೆತ್ತರ ಬಂದ ಮೇಲೆ ಅದನ್ನು ಯಾರಾದರೊಬ್ಬರ ತಲೆಗೆ ಕಟ್ಟುವುದು. ಈ ಕೊನೆಯ ಕೆಲಸಕ್ಕೆ ಇಲಾಖೆ ಕೂಲಿ ಕೊಡುತ್ತಿರಲಿಲ್ಲ. ಅದು ಅವಳ ಸ್ವಂತ ಹುಚ್ಚು. ದಾರಿ ಕೇಳಲು ನಿಂತವರ ಕೈಗೂ ಎರಡು ಸಸಿ ಹಿಡಿಸಿ ಕಳಿಸುತ್ತಿದ್ದಳು. ಹುಟ್ಟಿದ ಕೂಸನ್ನು ನೋಡಲು ಹೋದರೂ ಸಸಿ, ಕಾಯಿಲೆಯವರನ್ನು ಮಾತಾಡಿಸಲು ಹೋದರೂ ಸಸಿ. ಅವಳು ದೂರದಲ್ಲಿ ಕಂಡರೆ ಸಾಕು, "ಬಂದ್ಲು ನೋಡು, ಗುಂಡಿ ತೋಡಿ" ಎಂದು ಜನ ನಗುತ್ತಿದ್ದರು.

ಈ ಹುಚ್ಚಿನ ಭಾರವನ್ನೆಲ್ಲ ಹೊತ್ತವಳು ಒಡಹುಟ್ಟಿದ ತಂಗಿ. ತಂಗಿಗೆ ಇಳಿಜಾರಿನಲ್ಲಿ ಎರಡು ಎಕರೆ ಹೊಲ, ಆರು ಆಡು, ಮತ್ತು ಒಬ್ಬ ಗಂಡ. ಗಂಡ ಗುದ್ದಲಿ, ಕೊಡಲಿ, ಸುತ್ತಿಗೆಗಳಿಗೆ ಮರದ ಕಾವು ಮಾಡಿ ಮಾರುತ್ತಿದ್ದ. ಮಾತು ಕಡಿಮೆ, ಕಣ್ಣು ಚುರುಕು. ನಿಂತ ಕೊಂಬೆಯನ್ನು ನೋಡಿಯೇ ಅದರಲ್ಲಿ ಎಷ್ಟು ಕಾವು ಕೂತಿವೆ ಎಂದು ಹೇಳುವವನು.

ಒಂಬತ್ತು ವರ್ಷದ ಹಿಂದೆ ಸರ್ಕಾರ ಹೊಸ ಯೋಜನೆ ತಂದಿತ್ತು. ಸ್ವಂತ ಹೊಲದಲ್ಲಿ ಮರ ಬೆಳೆಸಿ, ಸಸಿ ಪುಕ್ಕಟೆ, ನೆಟ್ಟವರೇ ಮರದ ಒಡೆಯರು, ನಾಳೆ ಕಡಿದು ಮಾರಲು ಯಾರ ಅಪ್ಪಣೆಯೂ ಬೇಡ. ನರ್ಸರಿ ಅಕ್ಕ ಅದೇ ಸಂಜೆ ತಂಗಿಯ ಮನೆ ಹೊಕ್ಕಳು.

"ಸರ್ಕಾರದ ಮಾತು ಅಕ್ಕಾ ಅದು. ಇವತ್ತೊಂದು, ನಾಳೆ ಒಂದು" ಎಂದಳು ತಂಗಿ. ಅವಳಿಗೆ ಇಡೀ ಹೊಲಕ್ಕೆ ಕಾಳು ಬಿತ್ತುವ ಯೋಚನೆ ಇತ್ತು.

"ಸರ್ಕಾರ ಅಂದ್ರೆ ಯಾರೇ? ನಾನೇ ಕಣೇ. ಸಸಿ ಕೊಡ್ತಿರೋಳು ನಾನು, ಮಾತು ಕೊಡ್ತಿರೋಳೂ ನಾನು."

ಅಕ್ಕನ ಮಾತನ್ನು ತೆಗೆದುಹಾಕಿ ತಂಗಿಗೆ ಗೊತ್ತಿರಲಿಲ್ಲ. ಸಾಲುಸಾಲಾಗಿ ಸಸಿ ನೆಟ್ಟರು, ನಡುವಿನ ಜಾಗದಲ್ಲಿ ಕಾಳು, ಕುಂಬಳ ಹಾಕಿಕೊಂಡರು. ಸತ್ತ ಸಸಿಯ ಜಾಗಕ್ಕೆ ಅಕ್ಕ ಮಾರನೆಯ ವಾರವೇ ಇನ್ನೊಂದು ಹೊತ್ತು ತರುತ್ತಿದ್ದಳು. ಬರಬರುತ್ತ ಆಡಿಗೆ ಸೊಪ್ಪಾಯಿತು, ಒಲೆಗೆ ಸೌದೆಯಾಯಿತು, ಗಂಡನ ಕಾವಿಗೆ ಹೊರಗಿನಿಂದ ಮರ ತರುವುದು ನಿಂತಿತು. ತಂಗಿ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಬೈಯುವುದನ್ನು ಬಿಟ್ಟಳು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಬದುವಿನ ಆಚೆಗಿನ ಹೊಲದವನನ್ನು ಎಲ್ಲರೂ ಬೋಳಯ್ಯ ಎನ್ನುತ್ತಿದ್ದರು. ತಲೆಯಲ್ಲಿ ಬೇಕಾದಷ್ಟು ಕೂದಲಿತ್ತು, ಬೋಳಾಗಿದ್ದದ್ದು ಹೊಲ. ನರ್ಸರಿ ಅಕ್ಕ ಒಂಬತ್ತು ವರ್ಷ ದುಂಬಾಲು ಬಿದ್ದರೂ ಒಂದು ಕಡ್ಡಿ ನೆಡಲಿಲ್ಲ. "ನೆರಳು ಕಂಡ್ರೆ ನಂಗೆ ನಿದ್ದೆ ಬರುತ್ತೆ ತಾಯಿ, ಕೆಲಸ ಕೆಡುತ್ತೆ" ಎಂದು ಕೈಮುಗಿಯುತ್ತಿದ್ದ. "ನಿನ್ನಂಥೋರಿಂದಾನೇ ಈ ದೇಶ ಒಣಗಿದ್ದು" ಎಂದು ಅವಳು ಬೈದು ಬರುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಇಲಾಖೆಗೆ ಹೊಸ ಸಾಹೇಬರು ಬಂದರು. ಇನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸು. ಪರೀಕ್ಷೆಗೆ ಓದಿದ ಮರಗಳೆಲ್ಲ ಪುಸ್ತಕದಲ್ಲೇ ಉಳಿದಿದ್ದವು; ಎದುರಿಗೆ ನಿಂತ ಮರದ ಹೆಸರು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನರ್ಸರಿ ಅಕ್ಕ ಎಲೆ ಹಿಸುಕಿ ಮೂಸಿಸಿದಳು, ತೊಗಟೆ ಕೆರೆದು ತೋರಿಸಿದಳು, ಯಾವುದು ನೀರು ಬೇಡುತ್ತದೆ ಯಾವುದು ಬೇಡುವುದಿಲ್ಲ ಎಂದು ಹೇಳಿಕೊಟ್ಟಳು. ಸಾಹೇಬರು ಚಿಕ್ಕ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. "ನೀವು ನನ್ನ ತಾಯಿ ಇದ್ದ ಹಾಗೆ" ಎಂದರು ಒಂದು ದಿನ, ಅವಳ ಡಬ್ಬಿಯಿಂದ ಊಟ ಮಾಡುತ್ತ. ಅವಳಿಗೆ ಮಕ್ಕಳಿರಲಿಲ್ಲ. ಆ ಮಾತು ಅವಳೊಳಗೆ ಎಷ್ಟು ಆಳಕ್ಕೆ ಇಳಿಯಿತೆಂಬುದು ಸಾಹೇಬರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ.

ಹೋದ ವರ್ಷ ಮಳೆಗೆ ಮುಂಚೆ ಅವರು ಅವಳನ್ನು ಕರೆದರು. "ಖಾಸಗಿ ಹೊಲಗಳಲ್ಲಿ ಮರ ಎಣಿಸ್ಬೇಕು ಅಮ್ಮಾ. ಸುತ್ತಳತೆ ಮೂವತ್ತು ಸೆಂಟಿಮೀಟರ್ ದಾಟಿದ್ದು ಮಾತ್ರ ಲೆಕ್ಕಕ್ಕೆ. ಎಕರೆಗೆ ಇನ್ನೂರು ಬಂದ ಹೊಲಕ್ಕೆ ತಂತಿಬೇಲಿ, ಕೊಳವೆ ನೀರು ಎರಡೂ ಬರುತ್ತೆ. ನೀವು ಜೊತೆಗಿದ್ರೆ ಒಳ್ಳೇದು."

ನರ್ಸರಿ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲ ದಿನವೇ ಸಾಹೇಬರನ್ನು ತಂಗಿಯ ಹೊಲಕ್ಕೆ ಎಳೆದುಕೊಂಡು ಹೋದಳು. ತಂಗಿ ಟೀ ಕಾಯಿಸಲು ಒಳಗೆ ಹೋದಳು. ಟೇಪು ಅಕ್ಕನ ಕೈಯಲ್ಲಿ, ಮರಕ್ಕೆ ಸಂಖ್ಯೆ ಬರೆಯುವ ಬಣ್ಣದ ಡಬ್ಬಿ ತಂಗಿಯ ಗಂಡನ ಕೈಯಲ್ಲಿ, ಪುಸ್ತಕ ಸಾಹೇಬರ ಕೈಯಲ್ಲಿ. ಎರಡು ಎಕರೆಗೆ ನಾನೂರು ಬೇಕು. ದಪ್ಪ ಮರಗಳೆಲ್ಲ ಮುಗಿದಾಗ ಮುನ್ನೂರ ಎಪ್ಪತ್ತೆರಡು. ಉಳಿದವು ತಡವಾಗಿ ನೆಟ್ಟ ಸಣಕಲು ಮರಗಳು, ಸುಮಾರು ಅರವತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಸಣಕಲುಗಳು ಲೆಕ್ಕದ ಹೊರಗೆ ಉಳಿದು ತಂಗಿಗೆ ಬೇಲಿ ತಪ್ಪುವುದನ್ನು ಅವಳಿಂದ ನೋಡಲಾಗಲಿಲ್ಲ. ಎದೆಮಟ್ಟದಲ್ಲಿ ಹಿಡಿಯಬೇಕಾದ ಟೇಪನ್ನು ಸೊಂಟಕ್ಕೆ ಇಳಿಸಿದಳು, ಗಂಟು ಇರುವ ಕಡೆ ಸುತ್ತಿದಳು, ಒಳಗೆ ಒಂದು ಬೆರಳು ಇಟ್ಟುಕೊಂಡು ಸಡಿಲ ಬಿಟ್ಟಳು. ಬೆಳೆಯುವ ಮಕ್ಕಳ ಅಂಗಿಗೆ ದರ್ಜಿ ಅಳತೆ ಬಿಟ್ಟುಕೊಳ್ಳುತ್ತಾನಲ್ಲ, ಹಾಗೆ.

"ಮೂವತ್ತು!" ಎಂದು ಕೂಗಿದಳು.

ತಂಗಿಯ ಗಂಡ ಮರವನ್ನು ಒಮ್ಮೆ ನೋಡಿದ. "ಅಕ್ಕಾ, ಇದು ಇಪ್ಪತ್ತೆಂಟು."

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಕಾವು ಕೆತ್ತೋರು ಕಾವು ಕೆತ್ತಿ. ತಂತಿಬೇಲಿ ಬೇಡ್ವಾ?"

ಅವನು ಬಣ್ಣದಲ್ಲಿ ಸಂಖ್ಯೆ ಬರೆದ. ಸಾಹೇಬರು ಅವಳ ಬೆರಳನ್ನು ನೋಡಿದರು. ನೋಡಿಯೂ ನಕ್ಕು ಬರೆದುಕೊಂಡರು. ಅವಳಿಗೆ ಆ ನಗೆಯಲ್ಲಿ ಮಗನ ಪ್ರೀತಿ ಕಂಡಿತು. ಒಟ್ಟು ನಾನೂರ ನಾಲ್ಕು ಆಯಿತು. ಟೀ ಕುಡಿದು, ತಂಗಿಗೆ ಅಭಿನಂದನೆ ಹೇಳಿ, ಸಾಹೇಬರು ಜೀಪು ಹತ್ತಿದರು.

ಮೂರು ವಾರಕ್ಕೆ ಬಂದದ್ದು ತಂತಿಬೇಲಿಯಲ್ಲ. ತಂಗಿಯ ಬಾಗಿಲಿಗೆ ಅಂಟಿಸಿದ ಒಂದು ನೋಟಿಸು. ಎಕರೆಗೆ ಇನ್ನೂರಕ್ಕಿಂತ ಹೆಚ್ಚು ಮರಗಳಿರುವ ಕಾರಣ ಈ ಜಮೀನನ್ನು ಅರಣ್ಯವೆಂದು ಪರಿಗಣಿಸಲಾಗಿದೆ. ಉಳುಮೆ, ಕಟಾವು, ಮೇವು ಎಲ್ಲ ನಿಷೇಧ. ಸಂಖ್ಯೆ ಬರೆದ ಮರಕ್ಕೆ ಹಾನಿಯಾದರೆ ಜೈಲು. ದೂರದಲ್ಲೆಲ್ಲೋ ಗಣಿಗೆಂದು, ಹೆದ್ದಾರಿಗೆಂದು ಕಾಡು ಬಿಟ್ಟುಕೊಟ್ಟಿದ್ದರಂತೆ. ಅಷ್ಟೇ ಕಾಡನ್ನು ಕಾಗದದ ಮೇಲೆ ಬೇರೆಡೆ ತೋರಿಸಬೇಕಂತೆ. ಕಾಡು ಕಡಿದವರು ಯಾರೋ, ತುಂಬಿಕೊಡಬೇಕಾದವಳು ಕುಂಬಳ ಹಾಕಿಕೊಂಡಿದ್ದ ತಂಗಿ. ಬೋಳಯ್ಯನ ಹೊಲಕ್ಕೆ ಯಾವ ನೋಟಿಸೂ ಬರಲಿಲ್ಲ. ಅವನು ಆರಾಮಾಗಿ ಉಳುತ್ತಿದ್ದ.

ನರ್ಸರಿ ಅಕ್ಕ ನೋಟಿಸನ್ನು ಕಿತ್ತುಕೊಂಡು ನೇರ ಆಫೀಸಿಗೆ ಹೋದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು. ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ.

"ತಂತಿಬೇಲಿ ಅಂದ್ರಿ. ನೀರು ಅಂದ್ರಿ."

"ಕೂತ್ಕೊಳ್ಳಿ ಅಮ್ಮಾ. ಮೇಲಿಂದ ಒತ್ತಡ. ಇಷ್ಟು ಎಕರೆ ತೋರಿಸ್ಲೇಬೇಕು ಅಂತ. ನಿಜ ಹೇಳಿದ್ರೆ ಯಾರಾದ್ರೂ ಎಣಿಸೋಕೆ ಬಿಡ್ತಿದ್ರಾ?"

"ಅದಕ್ಕೆ ನನ್ನ ಕರ್ಕೊಂಡು ಹೋದ್ರಾ?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಜೊತೆಗಿದ್ರೆ ಯಾರೂ ಬಾಗಿಲು ಹಾಕಲ್ಲ ಅಂತ ಗೊತ್ತಿತ್ತು."

ನಂಬಿಸಿ ಕತ್ತು ಕೊಯ್ಯುವವರ ಬಗ್ಗೆ ಅವಳು ಕೇಳಿದ್ದಳು. ಕೊಯ್ದ ಮೇಲೂ ಅಮ್ಮಾ ಎನ್ನುವವರನ್ನು ಮೊದಲ ಸಲ ನೋಡಿದಳು. ಆದರೂ ಅವಳು ಇಲಾಖೆಯ ಹೆಂಗಸು. ನೋಟಿಸಿನ ಕೊನೆಯ ಸಾಲಿನವರೆಗೂ ಓದಿದ್ದಳು. ಅಳತೆ ಮಾಡಿದವರೇ ತಪ್ಪೊಪ್ಪಿ ಬರೆದುಕೊಟ್ಟರೆ ಮರು ಅಳತೆ ನಡೆಸಬಹುದು ಎಂದಿತ್ತು.

"ಕಾಗದ ಕೊಡಿ, ಬರೀತೀನಿ" ಎಂದಳು.

"ಯೋಚನೆ ಮಾಡಿ. ಈ ವರ್ಷ ಕೆಲಸ ಕಾಯಂ ಆಗೋರ ಪಟ್ಟೀಲಿ ನಿಮ್ಮ ಹೆಸರಿದೆ. ಟೇಪು ಸಡಿಲ ಬಿಟ್ಟೆ ಅಂತ ಬರೆದ್ರೆ ಕೆಲಸಾನೇ ಹೋಗುತ್ತೆ."

"ಹೋಗ್ಲಿ. ನನ್ನ ತಂಗಿಯ ಅನ್ನಕ್ಕಿಂತ ಕೆಲಸ ದೊಡ್ಡದಲ್ಲ."

ಬರೆದಳು. ಸೊಂಟಕ್ಕೆ ಇಳಿಸಿದ್ದು, ಗಂಟಿನ ಮೇಲೆ ಹಿಡಿದಿದ್ದು, ಬೆರಳು ಇಟ್ಟಿದ್ದು, ಒಂದನ್ನೂ ಬಿಡದೆ ಬರೆದು ಸಹಿ ಹಾಕಿದಳು. ಸಾಹೇಬರು ಅದನ್ನು ಎರಡು ಸಲ ಓದಿ ಡ್ರಾಯರಿನಲ್ಲಿಟ್ಟರು. "ಮಳೆಗಾಲ ಮುಗೀಲಿ. ಕೆಸರಲ್ಲಿ ದೊಡ್ಡ ಸಾಹೇಬರು ಬರಲ್ಲ" ಎಂದರು. ಶನಿವಾರದ ಹೊತ್ತಿಗೆ ಹಾಜರಿ ಪುಸ್ತಕದಿಂದಲೂ ಅವಳ ಹೆಸರು ಹೋಯಿತು.

ಆ ವರ್ಷ ಮಳೆ ಹದವಾಗಿ ಬಂತು. ಬಿತ್ತಲು ಬಿಡದ ಹೊಲದಲ್ಲಿ ಹುಲ್ಲು ಎದ್ದಿತು, ಮೇಯಲು ಆಡಿಗೆ ಅಪ್ಪಣೆಯಿಲ್ಲ. ತಂಗಿ ನಾಲ್ಕು ಆಡುಗಳನ್ನು ಮಾರಿದಳು. ಗಂಡ ಪೇಟೆಯ ಡಿಪೋದಿಂದ ಮರ ಕೊಂಡು ತಂದು, ಸ್ವಂತ ಮರಗಳ ಎದುರಿಗೇ ಕೂತು ಕಾವು ಕೆತ್ತಿದ. ನರ್ಸರಿ ಅಕ್ಕ ಹೋದರೆ ತಂಗಿ ತಟ್ಟೆ ಹಾಕುತ್ತಿದ್ದಳು, ಬಡಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ಅಕ್ಕ ತಲೆ ತಗ್ಗಿಸಿ ತಿನ್ನುತ್ತಿದ್ದಳು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಒಂದು ಮಧ್ಯಾಹ್ನ ಅಕ್ಕ ತಂಗಿ ಮನೆಯ ಮುಂದೆ ಕೂತಿದ್ದಾಗ ಬೋಳಯ್ಯ ಬದುವಿನ ಮೇಲೆ ಬಂದು ಕೂತ. ಈಗ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬುಡದ ಸುತ್ತ ನಾಲ್ಕು ಬೆರಳಗಲ ತೊಗಟೆ ಕೆತ್ತಿಬಿಡಿ. ತಾನಾಗೇ ಒಣಗುತ್ತೆ. ಒಂದು ನಲವತ್ತು ಸತ್ರೆ ಸಾಕಲ್ವಾ? ರೋಗ ಬಂತು ಅನ್ನಿ."

ತಂಗಿ ಎದ್ದು ಒಳಗಿಂದ ಮಚ್ಚು ತಂದೇಬಿಟ್ಟಳು.

ನರ್ಸರಿ ಅಕ್ಕ ಅಡ್ಡ ನಿಂತಳು. "ಬೇಡ ಕಣೇ. ಸಿಕ್ಕಿಬಿದ್ರೆ ಜೈಲು. ನಾವು ಕಾನೂನು ಪ್ರಕಾರಾನೇ ಗೆಲ್ತೀವಿ. ನಾನು ಬರೆದುಕೊಟ್ಟಾಗಿದೆ, ಅಳೆದ್ರೆ ಮುನ್ನೂರ ಎಪ್ಪತ್ತೆರಡು ಅಷ್ಟೇ. ಇದೊಂದು ಸಲ ನನ್ನ ಮಾತು ಕೇಳು."

ತಂಗಿ ಮಚ್ಚನ್ನು ಒಳಗಿಟ್ಟಳು.

ಕಾಗದ ಬರೆದುಕೊಟ್ಟ ಹತ್ತು ತಿಂಗಳ ಮೇಲೆ ದೊಡ್ಡ ಸಾಹೇಬರು ಬಂದರು. ಜೊತೆಗೆ ಚಿಕ್ಕ ಸಾಹೇಬರು, ಅದೇ ಪುಸ್ತಕ. ಈ ಸಲ ಟೇಪನ್ನು ತಂಗಿಯೇ ಇಸಿದುಕೊಂಡಳು. ದಪ್ಪ ಮರಗಳನ್ನು ಬಿಟ್ಟು ಸೀದಾ ಸಣಕಲು ಮರಗಳ ಕಡೆ ನಡೆದಳು. ಎದೆಮಟ್ಟದಲ್ಲಿ ಹಿಡಿದು, ಕಾಲನ್ನು ಬುಡಕ್ಕೆ ಒತ್ತಿ ಕೊಟ್ಟು, ತೊಗಟೆ ಪುಡಿ ಉದುರುವಂತೆ ಎಳೆದಳು. ಅಂಕಿ ನೋಡಿದಳು. ಮತ್ತೆ ಬಿಚ್ಚಿ ಸುತ್ತಿದಳು.

"ಎಷ್ಟು?" ಎಂದರು ದೊಡ್ಡ ಸಾಹೇಬರು.

"ಮೂವತ್ತೊಂದು."

ಪಕ್ಕದ್ದು ಮೂವತ್ತು ಮುಕ್ಕಾಲು. ಅದರ ಪಕ್ಕದ್ದು ಮೂವತ್ತೆರಡು. ತಂಗಿಯ ಗಂಡ ಮುಂದಿನ ಮರಗಳನ್ನು ಕಣ್ಣಲ್ಲೇ ಅಳೆದು ಮನೆಯ ಕಡೆ ಹೊರಟುಹೋದ.

ನರ್ಸರಿ ಅಕ್ಕನಿಗೆ ಆಗ ತಿಳಿಯಿತು. ಈ ಜಾತಿಯ ಮರ ಮೊದಲು ಎತ್ತರಕ್ಕೆ ಹೋಗಿ ಆಮೇಲೆ ಮೈ ತುಂಬಿಕೊಳ್ಳುತ್ತದೆ, ಒಂದು ಒಳ್ಳೆಯ ಮಳೆಗಾಲಕ್ಕೆ ಮೂರು ಸೆಂಟಿಮೀಟರಿಗೆ ಮೋಸವಿಲ್ಲ. ಅದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತಿದ್ದ ವಿಷಯ. ತಂಗಿಯ ಹೊಲ ಉಳಿಸುವ ಧಾವಂತದಲ್ಲಿ ತಾನು ಮರೆತಿದ್ದಳು, ಹೇಳಿಸಿಕೊಂಡವರು ಮರೆತಿರಲಿಲ್ಲ. ಚಿಕ್ಕ ಸಾಹೇಬರ ನೋಟುಬುಕ್ಕಿನಲ್ಲಿ ಅದನ್ನು ಬರೆಸಿದವಳು ಅವಳೇ; ಮಳೆಗಾಲ ಮುಗೀಲಿ ಎಂದು ಅವರು ತಡೆದದ್ದು ಅದಕ್ಕೇ. ಅವಳು ಅವರನ್ನು ನೋಡಿದಳು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಒಟ್ಟು ನಾನೂರ ಮೂವತ್ತೊಂದು ಆಯಿತು. ಅಳತೆ ಸರಿಯಿದೆ, ಅರ್ಜಿ ವಜಾ ಎಂದು ದೊಡ್ಡ ಸಾಹೇಬರು ಹೊಲದಲ್ಲೇ ನಿಂತು ಬರೆದರು. "ಚೆನ್ನಾಗಿ ಬೆಳೆಸಿದ್ದೀರಿ" ಎಂದೂ ಸೇರಿಸಿದರು. ಜೀಪು ಹೋಯಿತು.

ನೆರಳಿನಲ್ಲಿ ಅಕ್ಕ ತಂಗಿ ಇಬ್ಬರೇ ಉಳಿದರು. ಹತ್ತು ತಿಂಗಳ ಮೇಲೆ ತಂಗಿ ಅವಳ ಜೊತೆ ಮೊದಲ ಸಲ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

"ಅಕ್ಕಾ, ನೀನು ತಂದುಕೊಟ್ಟಿದ್ರಲ್ಲಿ ಒಂದು ನಲವತ್ತಾದ್ರೂ ಸಾಯಬಾರ್ದಿತ್ತಾ?"

ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.